ತೊಳೆದ ಕೈ

ನಾನು ಬಿದ್ದದ್ದು ಸಂಶಿಯ ರಸ್ತೆಯಲ್ಲಿ, ಸಾಯಲಿಕ್ಕೆ ಹೊರಟದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಊರ ಜನ ಇವೆರಡನ್ನೂ ಒಂದೇ ಮಾಡಿ ಹೇಳುತ್ತಾರೆ, ನನಗೆ ಸಿಟ್ಟು ಬರುತ್ತದೆ. ಬಿದ್ದದ್ದಕ್ಕೆ ಮಳೆ ಅರ್ಧ ಕಾರಣ, ನಾನು ಅರ್ಧ. ಎರೆಹೊಲದಿಂದ ಬಂದ ಟ್ರ್ಯಾಕ್ಟರುಗಳು ಡಾಂಬರಿನ ಮೇಲೆ ಕೆಸರು ಬಿಟ್ಟು ಹೋಗಿದ್ದವು, ಶಾಲೆಗೆ ತಡವಾಗಿತ್ತು, ಬೈಕು ಜಾರಿತು. ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೆ ಚುಚ್ಚಿತು. ಅದನ್ನೆಲ್ಲ ಡಾಕ್ಟರರು ಚೆನ್ನಾಗಿಯೇ ನೋಡಿಕೊಂಡರು. ಬಾಯಿಯೊಳಗಿಂದ ಪೈಪು ಇಳಿಸಿ ಮಷೀನಿನಿಂದ ಉಸಿರಾಡಿಸಿದರು, ಎದೆಯಲ್ಲಿ ತುಂಬಿದ್ದ ರಕ್ತ ತೆಗೆದರು. ನನಗೆ ಎಚ್ಚರವಾಗುವ ಹೊತ್ತಿಗೆ ಎಲುಬುಗಳು ಕೂಡಿಕೊಳ್ಳುತ್ತಿದ್ದವು. ಆಗ ಜ್ವರ ಬಂತು.

ಆ ಜ್ವರ ನಾನು ಊರಿಂದ ತಂದದ್ದಲ್ಲ. ಐಸಿಯುದಲ್ಲೇ ಮನೆ ಮಾಡಿಕೊಂಡು, ಅಲ್ಲಿಯ ಔಷಧಗಳಿಗೆಲ್ಲ ಒಗ್ಗಿಹೋಗಿ ಗಟ್ಟಿಯಾದ ಒಂದು ಸೂಕ್ಷ್ಮಜೀವಿ ಪೈಪಿನ ಗುಂಟ ನನ್ನೊಳಗೆ ಇಳಿದಿತ್ತು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಬ್ಯಾಕ್ಟೀರಿಯಾದ ಚಿತ್ರವನ್ನು ಬೋರ್ಡಿನ ಮೇಲೆ ಬರೆದು, ಹಿಂದಿನ ಬೆಂಚಿನವರಿಗೂ ನೆನಪಿರಲಿ ಎಂದು ಅದಕ್ಕೆ ಎರಡು ಕಣ್ಣು, ಒಂದು ಹುರಿಮೀಸೆ ಹಚ್ಚುತ್ತಿದ್ದೆ. ಆ ಮೀಸೆಯವನೇ ಬಂದು ಎದೆಯ ಮೇಲೆ ಕೂತ. ಒಂದು ಔಷಧ ಕೊಟ್ಟರು, ಕೇಳಲಿಲ್ಲ. ಇನ್ನೊಂದು ಕೊಟ್ಟರು, ಅದಕ್ಕೂ ಜಗ್ಗಲಿಲ್ಲ. ಎಲುಬು ಮುರಿದು ಬಂದವನು ಎಲುಬು ಕೂಡಿದ ಮೇಲೆ ಸಾಯುವ ಹಾಗಾಯಿತು.

ನನ್ನನ್ನು ಮೂಲೆಯ ಗಾಜಿನ ಕೋಣೆಗೆ ಸಾಗಿಸಿದರು. ಬೇರೆ ರೋಗಿಗಳಿಗೆ ಇದು ಹರಡಬಾರದೆಂದು ಒಳಗೆ ಬರುವವರೆಲ್ಲ ಹಳದಿ ಗೌನು, ಮಾಸ್ಕು, ರಬ್ಬರಿನ ಗ್ಲೌಸು ಹಾಕಿಕೊಂಡು ಬರುತ್ತಿದ್ದರು. ಹೋಗುವಾಗ ಎಲ್ಲವನ್ನೂ ಕಳಚಿ ಬಕೀಟಿಗೆ ಹಾಕಿ ಕೈ ತೊಳೆಯುತ್ತಿದ್ದರು. ಅವರನ್ನು ನಾನು ದೂರುವುದಿಲ್ಲ. ನನ್ನನ್ನು ಹೊರಳಿಸಿದರು, ಮೈ ಒರೆಸಿದರು, ಕಫ ತೆಗೆದರು, ಹೆತ್ತವರೂ ಮೂಗು ಮುಚ್ಚಿಕೊಳ್ಳುವಂಥ ಕೆಲಸಗಳನ್ನು ಮುಖ ಸಿಂಡರಿಸದೆ ಮಾಡಿದರು. ಆದರೆ ನನ್ನ ಚರ್ಮಕ್ಕೆ ತಾಗಿದ್ದು ರಬ್ಬರು ಮಾತ್ರ.

ಗಂಟಲಿಗೆ ತೂತು ಮಾಡಿ ಪೈಪನ್ನು ಅಲ್ಲಿಗೆ ಬದಲಿಸಿದ್ದರಿಂದ ಮಾತು ಹೊರಡುತ್ತಿರಲಿಲ್ಲ. ಮಾತನ್ನೇ ಉಂಡು ಬದುಕಿದ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕೇ? ಒಂಟಿತನ ಅಂದರೆ ಬಳಿ ಯಾರೂ ಇಲ್ಲದಿರುವುದು ಅಂತ ಅಲ್ಲಿಯವರೆಗೆ ತಿಳಿದಿದ್ದೆ. ಆ ಕೋಣೆಯಲ್ಲಿ ಯಾವಾಗಲೂ ಯಾರಾದರೊಬ್ಬರು ಇರುತ್ತಿದ್ದರು, ನಾನು ಮಾತ್ರ ದಿನದಿನಕ್ಕೂ ಒಬ್ಬಂಟಿಯಾಗುತ್ತ ಹೋದೆ. ಬರೀ ಕೈಯಿಂದ ಒಬ್ಬರು ನನ್ನನ್ನು ಮುಟ್ಟಿದರೆ ಸಾಕು, ಅಷ್ಟು ಆದರೆ ಬದುಕುತ್ತೇನೆ ಅಂತ ಅನ್ನಿಸುತ್ತಿತ್ತು.

ನಮ್ಮ ಕಡೆ ಆಸ್ಪತ್ರೆ ಸೇರಿದವನನ್ನು ಹೋಗಿ ಮಾತಾಡಿಸಿ ಬರದಿದ್ದರೆ ಆ ಮಾತು ಜನ್ಮಪೂರ್ತಿ ಉಳಿಯುತ್ತದೆ. ಮದುವೆ ತಪ್ಪಿಸಿದವರನ್ನು ಕ್ಷಮಿಸಿಯಾರು, ಇದನ್ನು ಕ್ಷಮಿಸುವುದಿಲ್ಲ. ನಮ್ಮೂರವರೂ ಟೆಂಪೋ ಮಾಡಿಕೊಂಡು ಬಂದಿದ್ದರಂತೆ. ಒಳಗೆ ಬಿಡಲಿಲ್ಲವೆಂದು ಆಸ್ಪತ್ರೆಯ ಅಂಗಳದಲ್ಲಿ ಕೂತು, ತಂದ ಬುತ್ತಿ ಬಿಚ್ಚಿ ಉಂಡು ವಾಪಸು ಹೋದರಂತೆ. ಹೆಂಡತಿ ತೀರಿಹೋಗಿ ಕೆಲವು ವರ್ಷವಾಗಿತ್ತು. ಮಗಳು ಕಲಘಟಗಿಯಲ್ಲಿ ಗಂಡನ ಮನೆಯಲ್ಲಿದ್ದಳು, ಬಸುರಿ. ಅವಳನ್ನು ಆಸ್ಪತ್ರೆಗೆ ಕಳಿಸುವುದಿಲ್ಲ ಎಂದು ಅತ್ತೆ ಹಟ ಹಿಡಿದಳು, ಅದು ಸರಿಯೂ ಇತ್ತು. ನನಗೆ ಉಳಿದವಳು ಅವ್ವ ಒಬ್ಬಳೇ.

ಅವ್ವ ದಿನಾ ಬರುತ್ತಿದ್ದಳು, ಗಾಜಿನ ಆಚೆಗೆ ನಿಲ್ಲುತ್ತಿದ್ದಳು. ಮನೆಯವರೊಬ್ಬರು ಗೌನು ಹಾಕಿಕೊಂಡು ಒಳಗೆ ಬರಬಹುದಿತ್ತು. ಸಿಸ್ಟರ್ ಬಾಗಿಲು ತೆರೆದು ಕರೆಯುವುದನ್ನು ನಾನೇ ಕಣ್ಣಾರೆ ನೋಡಿದೆ. ಅವ್ವ ಒಲ್ಲೆನೆಂದು ತಲೆ ಅಲ್ಲಾಡಿಸುತ್ತಿದ್ದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಷ್ಟೋ ಹೊತ್ತು ನನ್ನನ್ನು ನೋಡಿ, ಹೊರಟುಬಿಡುತ್ತಿದ್ದಳು. ಹೆದರಿದ್ದಾಳೆ ಅಂದುಕೊಂಡೆ. ಮುದುಕಿ, ಜೀವದ ಆಸೆ ಯಾರಿಗಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನವೇನೂ ಆಗಲಿಲ್ಲ.

ಕೊನೆಗೆ ಒಂದು ಔಷಧ ನಾಟಿತು. ಜ್ವರ ಇಳಿಯಿತು, ಗಂಟಲಿನ ಪೈಪು ತೆಗೆದರು, ಧ್ವನಿ ಒಡೆದ ಕೊಡದ ಸದ್ದಿನ ಹಾಗೆ ಮರಳಿ ಬಂತು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರನ್ನು ಕೇಳಿದೆ, ಇದು ನನಗೆ ಹೇಗೆ ಬಂತು ಅಂತ. ಅವರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಪೈಪಿನಿಂದ ಬಂದಿರಬಹುದು, ಮಂಚದ ಸರಳಿನಿಂದ ಇರಬಹುದು, ಯಾರದೋ ಕೈಯಿಂದ ಇರಬಹುದು, ಇಂಥದ್ದೇ ಅಂತ ಹೇಳಲಾಗುವುದಿಲ್ಲ ಅಂದರು. ಮನೆಯಲ್ಲಿ ಎಲ್ಲರ ಜೊತೆ ಇರಿ, ಉಣ್ಣಿ, ಗಂಟಲಿನ ಗಾಯ ಮುಟ್ಟುವ ಮೊದಲು ಕೈ ತೊಳೆಯಿರಿ, ಅಷ್ಟು ಸಾಕು ಅಂದರು.

ಅಷ್ಟು ಸಾಕು ಅಂತ ಊರಿಗೆ ಹೇಳುವವರು ಯಾರು? ಟೆಂಪೋ ಮಾಡಿಕೊಂಡು ಬಂದಿದ್ದ ಜನವೇ ಈಗ ಬಾಗಿಲ ಹೊರಗೆ ನಿಂತು, "ಆರಾಮ ಅದೀರೇನ್ರಿ ಮಾಸ್ತರ? ಮಕ್ಕೋರಿ, ಮಕ್ಕೋರಿ, ಏಳಬ್ಯಾಡ್ರಿ" ಎಂದು ಏಳದವನಿಗೆ ಹೇಳಿ ಹೋಗುತ್ತಿದ್ದರು. ಸ್ವಲ್ಪ ಓಡಾಡುವಂತಾದ ಮೇಲೆ ನನ್ನ ಜೊತೆ ಕೆಲಸ ಮಾಡುವ ಮಾಸ್ತರರೊಬ್ಬರ ಮನೆಗೆ ಹೋದೆ. ಅವರದು ಮೇಲಿನ ಓಣಿ, ನಮ್ಮದು ಊರ ಕೆಳಗಿನ ಓಣಿ. ಹಾಗೆಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯಲ್ಲಿ ನನಗೆ ಯಾವಾಗಲೂ ಅವರು ಕುಡಿಯುವಂಥದೇ ಸ್ಟೀಲಿನ ಕಪ್ಪಿನಲ್ಲಿ ಚಹಾ ಕೊಡುತ್ತಿದ್ದರು. ಆ ಕಪ್ಪಿನವರೆಗೆ ಬರಲು ನಮ್ಮ ಮನೆತನಕ್ಕೆ ಎರಡು ತಲೆಮಾರು ಹಿಡಿದಿತ್ತು. ಅವತ್ತು ಕಾಗದದ ಕಪ್ಪು ಬಂತು.

"ನಿಮ್ಮ ಆರೋಗ್ಯದ ಸಲುವಾಗೇ ರೀ ಸರ, ಬ್ಯಾರೆ ತಿಳ್ಕೋಬ್ಯಾಡ್ರಿ" ಅಂದರು ಅವರು.

ಬೇರೆ ತಿಳಿದುಕೊಳ್ಳಬೇಡಿ ಅಂದಾಗಲೇ ಬೇರೆ ತಿಳಿಯುವುದು. ಇದು ಹೊಸ ರೋಗದ ಕಪ್ಪೋ, ಹಳೆಯದು ಮತ್ತೆ ಎದ್ದು ಬಂದದ್ದೋ? ಪಾಪ, ಅವರು ನಿಜವನ್ನೇ ಹೇಳಿದ್ದಿರಬಹುದು. ನನಗೆ ಆ ಪ್ರಶ್ನೆ ಹುಟ್ಟಿತಲ್ಲ, ಅದೇ ನನ್ನ ಸಂಕಟ. ಚಹಾ ಕುಡಿದು, ಕಪ್ಪನ್ನು ಮುದುಡಿ ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದೆ.

ಮನೆಯಲ್ಲಿ ಇನ್ನೂ ದೊಡ್ಡದು ಕಾದಿತ್ತು. ಆಸ್ಪತ್ರೆಯಿಂದ ಬಂದ ದಿನವೇ ಅವ್ವ ನನ್ನ ಹಾಸಿಗೆಯನ್ನು ಪಡಸಾಲೆಯಲ್ಲಿ ಹಾಸಿದ್ದಳು. ತನ್ನದನ್ನು ಒಳಗೆ, ಒಲೆಯ ಬಾಜು. ನನಗೊಂದು ಬೇರೆ ತಟ್ಟೆ, ಬೇರೆ ಚರಿಗೆ. ರೊಟ್ಟಿ, ಪಲ್ಯೆ, ಸಾರು ಎಲ್ಲವನ್ನೂ ತಟ್ಟೆಗೆ ಹಾಕಿ, ತಂದು ನೆಲದ ಮೇಲಿಟ್ಟು, ಹಿಂದಕ್ಕೆ ಸರಿದು ನಿಲ್ಲುತ್ತಿದ್ದಳು. ನಾನು ಹತ್ತಿರ ಹೋದರೆ ಅವಳು ಅಷ್ಟೇ ದೂರ ಹೋಗುತ್ತಿದ್ದಳು. ಮತ್ತೆ ಆ ಸಾಬೂನು! ಹಿತ್ತಲ ಕಲ್ಲಿನ ಮೇಲೆ ಕೂತು ಕೈ ತಿಕ್ಕಿದ್ದೇ ತಿಕ್ಕಿದ್ದು. ಅಡಿಗೆಗೆ ಮೊದಲು, ಅಡಿಗೆಯ ನಡುವೆ, ನನಗೆ ತಟ್ಟೆ ತರುವ ಮೊದಲು. ಬೆರಳ ಸಂದುಗಳು ಒಡೆದು ಬಿಳಿಚಿದ್ದವು. ನನ್ನನ್ನು ತೊಳೆದು ಹಾಕುತ್ತಿದ್ದಾಳೆ ಅಂತ ನನಗೆ ಅನ್ನಿಸುತ್ತಿತ್ತು. ಡಾಕ್ಟರು ಹೇಳಿದ್ದನ್ನು ಹೇಳಿದೆ, ಒಂದು ಸಲವಲ್ಲ, ಹತ್ತು ಸಲ. "ಹೂಂ, ಹೂಂ" ಅಂದು ಮತ್ತೆ ಹಿತ್ತಲಿಗೆ ಹೋಗುತ್ತಿದ್ದಳು.

ನಮ್ಮಿಬ್ಬರ ನಡುವೆ ಪಡಸಾಲೆಯ ಒಂದು ಕಂಬದಿಂದ ಇನ್ನೊಂದು ಕಂಬದಷ್ಟು ದೂರ. ಇದಕ್ಕಿಂತ ಆಸ್ಪತ್ರೆಯ ಗಾಜೇ ಎಷ್ಟೋ ವಾಸಿ, ಅದು ಕಾಣುತ್ತಿತ್ತು. ಒಂದೇ ಸೂರಿನ ಕೆಳಗೆ ಇಬ್ಬರು ಇದ್ದು, ಒಬ್ಬರ ಉಸಿರು ಒಬ್ಬರಿಗೆ ಕೇಳಿಸುತ್ತ, ನಾನು ಆ ಮನೆಯಲ್ಲಿ ಪರದೇಶಿಯ ಹಾಗೆ ಬಿದ್ದಿದ್ದೆ. ಜಗತ್ತಿನಲ್ಲಿ ಇನ್ನು ಯಾರು ಮುಟ್ಟದಿದ್ದರೂ ನಡೆದೀತು, ಇವಳು ಮುಟ್ಟದಿದ್ದರೆ ನಾನು ಬದುಕಿ ಬಂದದ್ದು ಯಾಕೆ?

ಅವ್ವ ಹರೆಯದಲ್ಲಿ ಮೇಲಿನ ಓಣಿಯ ಒಂದು ದೊಡ್ಡ ಮನೆಯಲ್ಲಿ ಸಗಣಿ ಬಳಿಯುವ ಕೆಲಸಕ್ಕೆ ಹೋಗುತ್ತಿದ್ದಳು. ನೀರು ಕೇಳಿದರೆ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು. ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿಯುತ್ತಿದ್ದರು. ಇದನ್ನು ಅವಳು ಅತ್ತು ಹೇಳಿದವಳಲ್ಲ, ನಕ್ಕು ಹೇಳುತ್ತಿದ್ದಳು. "ಅವರ ಎಮ್ಮಿ ನಾ ಮುಟ್ಟಿದ್ರ ನಡೀತಿತ್ತು, ಎಮ್ಮಿ ಹಾಲು ಮುಟ್ಟಿದ್ರ ಕೆಡತಿತ್ತು ನೋಡಪಾ" ಅನ್ನುತ್ತಿದ್ದಳು.

ಕಾಗದದ ಕಪ್ಪು ಕಿಸೆಯಲ್ಲಿಟ್ಟುಕೊಂಡು ಬಂದ ಆ ಮಧ್ಯಾಹ್ನ ಅವ್ವ ತಟ್ಟೆ ತಂದು ನೆಲಕ್ಕಿಟ್ಟಳು, ಎಂದಿನಂತೆ ಹಿಂದೆ ಸರಿದಳು. ನನ್ನ ತಲೆ ಕೆಟ್ಟುಹೋಯಿತು. ತಟ್ಟೆಯನ್ನು ಕಾಲಿನಿಂದ ದೂಡಿದೆ. ಸಾರು ಚೆಲ್ಲಿತು.

"ಆ ಮನಿಯಾಗ ನಿನಗ ಹಿಂಗ ಇಡತಿದ್ರಲ್ಲ ಯವ್ವಾ, ಅದನ್ನ ಈಗ ನನ್ನ ಮ್ಯಾಲ ತೀರಿಸ್ಕೊಳ್ಳಾಕತ್ತೀ ಏನು? ನಾ ನಿನಗ ಅಷ್ಟು ಹೇಸಿಗಿ ಆದ್ನೇನು?"

ಬೈಯುತ್ತಾಳೆ ಅಂದುಕೊಂಡೆ. ನಮ್ಮವ್ವ ಬೈಗುಳದಲ್ಲಿ ಯಾರಿಗೂ ಸೋತವಳಲ್ಲ. ಅವಳು ಬೈಯಲಿಲ್ಲ. ಕಂಬಕ್ಕೆ ಬೆನ್ನು ಕೊಟ್ಟು ಮೆಲ್ಲಗೆ ಕೆಳಗೆ ಕೂತಳು, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನೀ ಯಾಕ ಹೇಸಿಗಿ ಆಗ್ತೀ ಯಪ್ಪಾ," ಅಂದಳು. "ನಿನಗ ಆ ಜ್ವರಾ ಕೊಟ್ಟಾಕಿ ನಾನ."

ನನಗೆ ಏನೂ ತಿಳಿಯಲಿಲ್ಲ. ಅವಳೇ ಹೇಳಿದಳು. ಮೊದಲ ದಿನಗಳಲ್ಲಿ ನನಗೆ ಎಚ್ಚರವಿಲ್ಲದಾಗ ಅವಳನ್ನು ಒಳಗೆ ಬಿಡುತ್ತಿದ್ದರಂತೆ. ನನ್ನ ಕೈ ಹಿಡಿದುಕೊಂಡು ಕೂರುತ್ತಿದ್ದಳಂತೆ. ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸಿದ್ದಳು, ಯಮನೂರಿನ ದರ್ಗಾದಿಂದ ತಂದ ಸಕ್ಕರೆಯನ್ನು ಬೆರಳಿನಿಂದ ತುಟಿಗೆ ಹಚ್ಚಿದ್ದಳು. ಅದಾದ ಮೇಲೆ ಜ್ವರ ಬಂತು.

"ಅವಾಗ ಆ ನರ್ಸಬಾಯಿ ಎಲ್ಲಾರಿಗೂ ಹೇಳಿದ್ಲು, ಕೈ ತೊಳೀದ ಮುಟ್ಟಬ್ಯಾಡ್ರಿ, ಇದು ಕೈಯಿಂದನ ಹಬ್ಬತೈತಿ ಅಂತ. ನಾ ಸಾಬೂನು ಹಚ್ಚಿ ತೊಳದೆ. ಆಕಿ ಮುಂದ ಹಿಡದು ತೋರಿಸ್ದೆ. ತೊಳದ ಮ್ಯಾಲೂ ಆಕಿ ರಬ್ಬರಿನ ಚೀಲಾ ಕೊಟ್ಲು, ಇದನ್ನ ಹಾಕ್ಕೊಂಡ ಮುಟ್ಟಬೇ ಅಂತ. ಬ್ಯಾರೇದವರ ಕೈ ತೊಳದ್ರ ಹೋಗ್ತಿರಬೇಕು. ನಂದು ಹೋಗೂದಲ್ಲ ಅಂತ ನನಗ ತಿಳೀತು."

ಸೆರಗನ್ನು ಕೈಗಳಿಗೆ ಇನ್ನೂ ಬಿಗಿಯಾಗಿ ಸುತ್ತಿಕೊಂಡು ಅವಳು ಮತ್ತೆ ಅಂದಳು, "ನನ್ನ ಕೈ ಮುಟ್ಟಿದ್ದು ಕೆಡತೈತಿ ಅಂತ ಇಡೀ ಊರು ಹೇಳಿದಾಗ ನಾ ನಂಬಿದ್ದಿಲ್ಲ. ನೀ ಅಲ್ಲಿ ಮಷೀನಿಗೆ ಬಿದ್ದಾಗ ನಂಬಿದೆ."

ಮೂವತ್ತು ವರ್ಷದ ಹತ್ತಿರ ಪಾಠ ಮಾಡಿದವನಿಗೆ ಅಳು ಬಂತು, ಅತ್ತೆ. ಆಮೇಲೆ ಒಡಕು ದನಿಯಲ್ಲಿ ಹೇಳತೊಡಗಿದೆ. ಆ ಗ್ಲೌಸು ಅವಳ ಕೈಯ ಸಲುವಾಗಿ ಅಲ್ಲ, ನನ್ನ ಮೈಯೊಳಗೆ ಇದ್ದದ್ದು ಮತ್ತೊಬ್ಬ ರೋಗಿಗೆ ಹೋಗಬಾರದು ಅಂತ. ಡಾಕ್ಟರರೂ ಹಾಕಿಕೊಳ್ಳುತ್ತಿದ್ದರು, ಯಾವ ಓಣಿಯಿಂದ ಬಂದವರಾದರೂ ಹಾಕಿಕೊಳ್ಳಲೇಬೇಕಿತ್ತು. ಆ ಜೀವಿ ಇದ್ದದ್ದೇ ಆಸ್ಪತ್ರೆಯಲ್ಲಿ, ನಮ್ಮ ಮನೆಯಲ್ಲಿ ಅಲ್ಲ.

"ಹಂಗಾರ ನನ್ನ ಕೈಯಿಂದ ಬಂದದ್ದಲ್ಲ?"

"ಅಲ್ಲ ಬೇ."

"ಯಾರ್ ಹೇಳಿದ್ರು?"

"ಡಾಕ್ಟರ್ ಹೇಳ್ಯಾರ. ನಿಮ್ಮ ತಾಯಿ ಕೈಯಿಂದಂತೂ ಅಲ್ಲ, ಅಗದಿ ಖರೇ ಅಂತ ಹೇಳ್ಯಾರ."

ಡಾಕ್ಟರು ಹಾಗೆ ಹೇಳಿರಲಿಲ್ಲ. ಯಾರದೋ ಕೈ ಅಂದಿದ್ದರು. ಆ ಯಾರದೋ ಕೈ ಯಾರದು ಅಂತ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತಾಗುವುದೂ ಬೇಡ. ವಿಜ್ಞಾನದ ಮಾಸ್ತರ ಸುಳ್ಳು ಹೇಳಿದ, ಮತ್ತೆ ಕೇಳಿದರೂ ಅದನ್ನೇ ಹೇಳುತ್ತಾನೆ.

ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ನಂಬಿದಳೋ ಇಲ್ಲವೋ ಹೇಳಲಾರೆ. ಎದ್ದು ಹಿತ್ತಲಿಗೆ ಹೋದಳು. ನೀರಿನ ಸಪ್ಪಳ ಬಹಳ ಹೊತ್ತು ಕೇಳಿಸಿತು. ಬಾಗಿಲಿಗೆ ಬಂದವಳು ಅಭ್ಯಾಸಬಲದಿಂದ ಕೈಗಳನ್ನು ಸೀರೆಗೆ ಒರೆಸಿಕೊಂಡಳು, ಏನೋ ನೆನಪಾದವಳಂತೆ ಬೆಚ್ಚಿ ಮತ್ತೆ ಹೋಗಿ ತೊಳೆದಳು. ಈ ಸಲ ಒರೆಸಿಕೊಳ್ಳಲಿಲ್ಲ. ನೀರು ಸೋರುವ ಕೈಗಳನ್ನು ಮುಂದೆ ಹಿಡಿದುಕೊಂಡು ಬಂದು ನನ್ನೆದುರು ಕೂತಳು, ಬಲಗೈಯನ್ನು ನನ್ನ ಕೆನ್ನೆಯ ಮೇಲಿಟ್ಟಳು. ತಣ್ಣಗಿತ್ತು, ಒರಟಾಗಿತ್ತು. ನಾನು ಕಣ್ಣು ಮುಚ್ಚುವುದರೊಳಗೆ ಆ ಕೈಯನ್ನು ತೆಗೆದುಬಿಟ್ಟಳು, ಬಗ್ಗಿ ನನ್ನ ಮುಖ ನೋಡಿದಳು.

"ಏನೂ ಆಗಲಿಲ್ಲಲಾ ಯಪ್ಪಾ?" ಎಂದು ಕೇಳಿದಳು.