ಬೀಗ ಹಾಕಿದ ಮನೆಯಲ್ಲಿ ಉಳಿದ ದೇವರು

ಕೋವಿಡ್ ಕಳೆದ ಮೂರನೇ ವರ್ಷ. ನಾನು ಶಹಾಪುರದಲ್ಲಿ ವಕೀಲಿ ಮಾಡುತ್ತಿದ್ದೆ. ಸುರಪುರದ ಸಿವಿಲ್ ಕೋರ್ಟಿಗೂ ಹೋಗಿಬರುತ್ತಿದ್ದೆ. ನಿವೃತ್ತ ಅಂಗನವಾಡಿ ಕಾರ್ಯಕರ್ತೆ ನೀಲಮ್ಮ ಒಂದು ದಿನ ಅಣ್ಣನ ಮಗ ಶರಣುವನ್ನು ಕರೆದುಕೊಂಡು ಬಂದರು. ಬ್ಯಾಂಕಿನ ಸಾಲದಲ್ಲಿ ಅವರು ಸುರಪುರದಲ್ಲೊಂದು ಮನೆ ಕಟ್ಟಿಸಿದ್ದರು. ಬಾಡಿಗೆಯಿಂದಲೇ ಕಂತು ಕಟ್ಟುತ್ತಿದ್ದರು. ಬಾಡಿಗೆದಾರ ಮಲ್ಲಪ್ಪ ಖಾನಾವಳಿ ನಡೆಸುತ್ತಿದ್ದವನು. ತಿಂಗಳಿಗೆ ನಾಲ್ಕೂವರೆ ಸಾವಿರದಂತೆ ಹತ್ತು ತಿಂಗಳ ಬಾಡಿಗೆ ನಿಂತಿತ್ತು. ಖಾನಾವಳಿ ಮುಚ್ಚಿತ್ತು, ಮನೆಗೆ ಬೀಗ ಬಿದ್ದಿತ್ತು, ಫೋನ್ ಬಂದ್. ಕಂತು ತಪ್ಪಿದ್ದರಿಂದ ಮನೆಯನ್ನು ಹರಾಜಿಗೆ ಹಾಕುವುದಾಗಿ ಬ್ಯಾಂಕ್ ನೋಟಿಸ್ ಕಳಿಸಿತ್ತು.

“ಓಡಿ ಹೋಗ್ಯಾನ್ರಿ ವಕೀಲ್ರ. ಕೀಲಿ ಒಡದು ಸಾಮಾನ ಹೊರಗ ಒಗದ್ರ ಮುಗೀತಲ್ರಿ?” ಎಂದ ಶರಣು.

“ಒಗಿ. ಬಂಗಾರ ಇತ್ತು, ಕದ್ದಾರ ಅಂತ ಅಂವ ಠಾಣೆಕ್ಕ ಹೋದ್ರ ನೀ ಒಳಗ, ಅಂವ ಹೊರಗ,” ಎಂದೆ.

“ಇಂವ ಒಳಗ ಹೋದ್ರ ಹೋಗ್ಲಿ ಬಿಡ್ರಿ, ಮನ್ಯಾಗ ನಾಕು ರೊಟ್ಟಿ ಉಳೀತಾವ,” ಎಂದರು ನೀಲಮ್ಮ. “ಖರೆ ಆ ಮನಿ ಮಾತ್ರ ನಾ ಕಳ್ಕೊಳ್ಳಂಗಿಲ್ಲ.”

ಬಾಕಿ ಬಾಡಿಗೆಗೂ ಮನೆಯ ಸ್ವಾಧೀನಕ್ಕೂ ದಾವೆ ಹಾಕಿದೆವು. ಇಂಥ ದಾವೆಯಲ್ಲಿ ಮೊದಲ ಕೆಲಸ ಸಮನ್ಸ್, ಅಂದರೆ ಕೋರ್ಟಿನ ಕರೆ, ಪ್ರತಿವಾದಿಗೆ ಮುಟ್ಟುವುದು. ಆಸಾಮಿ ಸಿಗದಿದ್ದರೆ ಅವನು ವಾಸವಿರುವ ಮನೆಯ ಬಾಗಿಲಿಗೆ ಬೇಲಿಫ್, ಅಂದರೆ ಸಮನ್ಸ್ ಮುಟ್ಟಿಸುವ ಕೋರ್ಟಿನ ನೌಕರ, ಅದನ್ನು ಅಂಟಿಸಬಹುದು. ಆದರೆ ಬಿಟ್ಟುಹೋದ ಮನೆಗೆ ಅಂಟಿಸಿದರೆ ಬೆಲೆಯಿಲ್ಲ. ನಾವು ಗೆದ್ದ ಮೇಲೆ ಅವನು ಬಂದು “ನನಗೆ ಗೊತ್ತೇ ಇರಲಿಲ್ಲ” ಎಂದರೆ ತೀರ್ಪು ರದ್ದಾಗಿ ಎಲ್ಲ ಮೊದಲಿನಿಂದ ಶುರು. ಅಷ್ಟು ದಿನ ಬ್ಯಾಂಕ್ ಕಾಯುವುದಿಲ್ಲ. ಹಾಗಾಗಿ ಮಲ್ಲಪ್ಪ ಮನೆ ಬಿಟ್ಟಿದ್ದಾನೆಯೇ, ಬೀಗವಷ್ಟೇ ಹಾಕಿದ್ದಾನೆಯೇ ಎಂಬುದು ಮೊದಲು ತಿಳಿಯಬೇಕಿತ್ತು. ನೆರೆಯವರಲ್ಲಿ ಒಬ್ಬರು ಯಾದಗಿರಿ ಎಂದರು, ಇನ್ನೊಬ್ಬರು ಹೈದರಾಬಾದ್ ಎಂದರು.

ನಾನೂ ನೀಲಮ್ಮನೂ ಹೋಗಿ ಕಿಟಕಿಯಿಂದ ಇಣುಕಿದೆವು. ಮಂಚವಿಲ್ಲ, ಟಿವಿಯಿಲ್ಲ. ಖಾನಾವಳಿಯ ದೊಡ್ಡ ಪಾತ್ರೆಗಳು ಮಾತ್ರ ಮೂಲೆಯಲ್ಲಿದ್ದವು. ಎದುರಿನ ಗೋಡೆಗೆ ದೇವರ ಜಗಲಿ, ಮನೆದೇವರನ್ನು ಕೂರಿಸುವ ಕಟ್ಟೆ. ಅದರ ಮೇಲೆ ತಿಂಥಣಿ ಮೌನೇಶ್ವರನ ಫೋಟೊ, ಹಿತ್ತಾಳೆಯ ಮೂರ್ತಿಗಳು, ಕಲಶ ಎಲ್ಲವೂ ಇದ್ದವು. ಮುಡಿಸಿದ ಚೆಂಡುಹೂ ಬಾಡಿತ್ತು, ಒಣಗಿರಲಿಲ್ಲ.

“ಯಾರೋ ಬಂದು ಹೋಗಾಕತ್ಯಾರ,” ಎಂದೆ.

“ಬರಲೇಬೇಕಲ್ರಿ. ಬ್ಯಾರೆ ಮನಿ ಹೂಡಿದ್ರ ಮೊದಲ ದೇವರು ಹೋಗ್ತಾವ, ಹಿಂದ ಮಂಚ. ಇವರು ಎಲ್ಲೋ ಬೀಗರ ಮನ್ಯಾಗ ಅದಾರ. ಅಮಾಸಿಗೆ ಬಂದ ಬರ್ತಾರ, ನೋಡ್ರಿ.”

ಅಮಾವಾಸ್ಯೆಯ ಬೆಳಿಗ್ಗೆಯೇ ಹೋಗುವಂತೆ ಬೇಲಿಫರನ್ನು ಕೇಳಿಕೊಂಡೆ. ನಾನೂ ನೀಲಮ್ಮನೂ ಜೊತೆಗೆ ಹೋದೆವು. ಯಾದಗಿರಿಯ ಬಸ್ಸಿಳಿದು, ತೆಂಗಿನಕಾಯಿಯ ಚೀಲ ಹಿಡಿದು ಬಂದವಳು ಮಲ್ಲಪ್ಪನ ಹೆಂಡತಿ ಶಿವಮ್ಮ. ನಮ್ಮನ್ನು ಕಂಡು ಹಿಂದಿರುಗಲಿಲ್ಲ, ಬೀಗ ತೆಗೆದಳು.

“ಹತ್ತು ತಿಂಗಳ ಬಾಡಿಗಿ ಇಟ್ಕೊಂಡು ಕಳ್ಳಬೆಕ್ಕಿನಂಗ ಬಂದು ಹೋಗಾಕತ್ತೀಯೇನ?” ಎಂದರು ನೀಲಮ್ಮ.

“ಬೈರಿ ಅಕ್ಕಾರ, ಬೈಸ್ಕೊಳ್ಳಾಕ ಮಾರಿ ಐತಿ. ನಮ್ಮ ಮನಿಯವರು ದೇವರ್ನ ಒಯ್ಯಾಕ ಗಾಡಿ ತಂದಿದ್ರು, ನಾನ ಎತ್ತಗೊಡಲಿಲ್ಲ. ಬಾಡಿಗಿ ಮುಟ್ಟಿಸ್ರಿ, ಆಮ್ಯಾಲ ಎತ್ತೋಣು ಅಂದೆ. ಅದಕ್ಕ ನನ್ನ ಜೋಡಿ ಮಾತ ಬಿಟ್ಟಾರ.”

ನೀಲಮ್ಮ ಅವಳನ್ನೇ ನೋಡಿದರು. “ಮಾತ ಬಿಟ್ರ ಆರಾಮ ಆತು ನಿನಗ. ಖರೆ ಬಾಡಿಗಿ ನಾ ಬಿಡಂಗಿಲ್ಲ.”

“ಬಿಡ್ರಿ ಅಂತ ನಾ ಎಲ್ಲಿ ಅಂದೀನ್ರಿ?”

ಕುಟುಂಬದ ವಯಸ್ಕರು ಸಮನ್ಸ್ ಪಡೆದರೆ ಪ್ರತಿವಾದಿಗೆ ಮುಟ್ಟಿದಂತೆಯೇ. ಶಿವಮ್ಮ ಸಹಿ ಹಾಕಿ, ಯಾದಗಿರಿಯ ವಿಳಾಸವನ್ನೂ ಹೇಳಿದಳು.

ಮಲ್ಲಪ್ಪ ಕೋರ್ಟಿಗೆ ಬಂದ, ತಯಾರಾಗಿಯೇ ಬಂದ. ಪ್ರಕರಣ ರಾಜಿಗಾಗಿ ಲೋಕ ಅದಾಲತ್‌ಗೆ ಹೋದಾಗ ಅವನ ವಾದ ಒಂದೇ: “ನಾ ಮನಿ ಖಾಲಿ ಮಾಡಿ ಆರು ತಿಂಗಳಾತ್ರಿ. ಮೊದಲಿನ ನಾಕು ತಿಂಗಳದ್ದಷ್ಟ ಕೊಡ್ತೀನಿ.” ಅದನ್ನು ಒಪ್ಪಿದರೆ ನೀಲಮ್ಮನ ಕೈಗೆ ಬರುವ ಹಣ ಬ್ಯಾಂಕಿಗೆ ಸಾಲುತ್ತಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಹಿಂದೆ ನಿಂತಿದ್ದ ಶಿವಮ್ಮ ಗಂಡನಿಗೆ ಹೇಳಿದಳು: “ದೇವರು ಅಲ್ಲೇ ಅದಾವ. ಖಾಲಿ ಮಾಡೀನಿ ಅಂತ ಯಾ ಬಾಯಿಲೆ ಅಂತೀರಿ?”

ಮಲ್ಲಪ್ಪ ವಾದ ಬಿಟ್ಟ. ಹತ್ತೂ ತಿಂಗಳ ಬಾಡಿಗೆ ಒಪ್ಪಿಕೊಂಡ. ಖಾನಾವಳಿಯ ಪಾತ್ರೆ ಮಾರಿ ಅರ್ಧ ತಕ್ಷಣ ಕೊಟ್ಟ. ಉಳಿದದ್ದು ತಿಂಗಳ ಕಂತಿನಲ್ಲಿ ಎಂದು ರಾಜಿಯಾಯಿತು. ಆ ಅರ್ಧವನ್ನು ಕಟ್ಟಿದ ಮೇಲೆ ಬ್ಯಾಂಕ್ ಹರಾಜು ಕೈಬಿಟ್ಟಿತು.

ಕೀಲಿಕೈ ಒಪ್ಪಿಸುವ ದಿನ ಶಿವಮ್ಮ ಜಗಲಿಯ ಮುಂದೆ ನಿಂತುಬಿಟ್ಟಳು. “ಇನ್ನೂ ಅರ್ಧ ಉಳದೈತ್ರಿ ಅಕ್ಕಾರ. ಹ್ಯಾಂಗ ಎತ್ತಲಿ?”

“ನಾಳೆ ಹೊಸ ಬಾಡಿಗಿಯವರು ಬರ್ತಾರ. ನಿನ್ನ ದೇವರಿಗೂ ನಾ ಬಾಡಿಗಿ ಹಚ್ಚಲೇನ? ಎತ್ತ,” ಎಂದು ಗದರಿಸಿ, ನೀಲಮ್ಮ ತಾವೇ ಬುಟ್ಟಿ ಹಿಡಿದರು.

ಬಾಡಿಗೆದಾರ ಕಾಣೆಯಾಗಿದ್ದಾನೆ ಎಂದು ಆಮೇಲೂ ಎಷ್ಟೋ ಜನ ಬಂದಿದ್ದಾರೆ. ಅವನು ಯಾವ ಊರಿಗೆ ಹೋಗಿರಬಹುದು ಎಂದು ನಾನೀಗ ಮೊದಲು ಕೇಳುವುದಿಲ್ಲ. ಬಾಡಿಗೆ ಮುಟ್ಟಿಸದೆ ಹೋಗುವುದು ಬೇಡ ಎಂದವರು ಆ ಮನೆಯಲ್ಲಿ ಯಾರಿದ್ದರು ಎಂದು ಕೇಳುತ್ತೇನೆ.