ಕರೆಗಂಟೆಯ ಪಕ್ಕದ ಎರಡನೆಯ ಹೆಸರು

ಪೂರ್ವ ಬರ್ಲಿನ್ನಿನ ಆ ಐದಂತಸ್ತಿನ ವಠಾರವನ್ನು ಗೆರ್ಲಿಂಡೆ ಪೋಲ್ ಮೂವತ್ತೊಂದು ವರ್ಷ ನೋಡಿಕೊಂಡಳು. ಮೆಟ್ಟಿಲು ಒರೆಸುವುದು, ಹಿಮ ಗೋರುವುದು, ಕಸದ ಡಬ್ಬಿಗಳನ್ನು ಬೀದಿಗೆ ಎಳೆಯುವುದು ಎಲ್ಲ ಅವಳದೇ. ಅವಳ ನಿಜವಾದ ದರ್ಬಾರು ಮಾತ್ರ ಬೀದಿಬಾಗಿಲಿನ ಕರೆಗಂಟೆಯ ಹಲಗೆಯ ಮೇಲೆ. ಇಲ್ಲಿ ಮನೆಗಳಿಗೆ ನಂಬರಿಲ್ಲ. ಗಂಟೆಯ ಪಕ್ಕ ಹೆಸರಿದ್ದರೆ ಕಾಗದ ಬರುತ್ತದೆ, ನೆಂಟರು ಬರುತ್ತಾರೆ. ಹೆಸರಿಲ್ಲದವರು ಇದ್ದೂ ಇಲ್ಲದವರು.

ಆಂಬುಲೆನ್ಸಿನ ಸದ್ದು ಕೇಳಿದರೆ ಸಾಕು, ಗೆರ್ಲಿಂಡೆ ಒಲೆಯ ಮೇಲಿನ ಆಲೂಗಡ್ಡೆಯನ್ನು ಸೀಯಲು ಬಿಟ್ಟು, ಮನೆಯ ಚಪ್ಪಲಿಯಲ್ಲೇ ಇಳಿದು ಬಂದು ಬೀದಿಬಾಗಿಲು ತೆರೆದು ಹಿಡಿದು ನಿಲ್ಲುತ್ತಿದ್ದಳು. ಗಾಡಿ ಮೂರು ಬೀದಿ ಆಚೆ ಹೋದರೂ ಅಷ್ಟೇ. ಎಂಥ ಕರುಳು ಇವಳದು ಎಂದು ವಠಾರದವರು ಮೆಚ್ಚಿಕೊಳ್ಳುತ್ತಿದ್ದರು. ಅದು ಕರುಳಲ್ಲ, ಭಯ.

ಬರ್ಲಿನ್ ಗೋಡೆ ಬಿದ್ದು ಆರು ವರ್ಷವಾಗಿದ್ದಾಗ ಐದನೇ ಮಹಡಿಗೆ ವಿಯೆಟ್ನಾಮಿನ ದಂಪತಿ ಬಂದಿದ್ದರು. ಗಂಡ ಲಾಮ್ ರೈಲು ನಿಲ್ದಾಣದ ಬಳಿ ಹೂ ಮಾರುತ್ತಿದ್ದ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು, ಉಬ್ಬಸದವಳು. ಗಂಟೆಯ ಪಕ್ಕ ‘ಲಾಮ್, ಮಾ’ ಎಂದು ಎರಡು ಹೆಸರು ಅಂಟಿಸಿದ್ದರು. ಅವರ ಕಡೆ ಹೆಂಗಸು ಮದುವೆಯಾದರೂ ತವರಿನ ಹೆಸರು ಬಿಡುವುದಿಲ್ಲ. ಗೆರ್ಲಿಂಡೆಗೆ ಅದು ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಅವಳು ಕಂಡಂತೆ ಗಂಡ ಹೆಂಡತಿಗೆ ಒಂದೇ ಹೆಸರು. ಎರಡಿದ್ದರೆ ಇನ್ನೊಬ್ಬರನ್ನು ಕದ್ದು ಒಳಗೆ ಸೇರಿಸಿಕೊಂಡಿದ್ದಾರೆಂದೇ ಅರ್ಥ. ಒಬ್ಬರಿಗೆ ಜಾಗ ಕೊಟ್ಟರೆ ಹತ್ತು ಜನ ಬಂದು ಕೂರುವ ಜಾತಿ ಇದು ಎಂದು ಕೆಳಮನೆಯವಳ ಹತ್ತಿರ ಆಡಿಕೊಂಡಳು. "ಮಾ ಅಂತೆ. ಹೆಸರೋ, ಮೇಕೆ ಕೂಗೋ ಸದ್ದೋ?" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೇ ದಿನ ಚಾಕುವಿನ ತುದಿಯಿಂದ ಎರಡನೆಯ ಹೆಸರನ್ನು ಕೆರೆದು ತೆಗೆದಳು. ಹೀಗೆ ಮಾಡಿದವಳಾದರೂ ಯಾರು? ಮಹಾಯುದ್ಧ ಮುಗಿದ ವರ್ಷ, ಪೋಲೆಂಡಿನ ಪಾಲಾದ ಸೈಲೀಷಿಯಾದಿಂದ ಓಡಿಸಿಕೊಂಡು, ಅಮ್ಮನ ಸೊಂಟದ ಮೇಲೆ ಕೂತು ಇದೇ ಊರಿಗೆ ಬಂದವಳು. ಶಾಲೆಯಲ್ಲಿ ಹೊರಗಿನ ಹೇನು ಅನ್ನಿಸಿಕೊಂಡವಳು.

ಆ ಜನವರಿಯ ಒಂದು ಬೆಳಿಗ್ಗೆ ಆಂಬುಲೆನ್ಸಿನ ಇಬ್ಬರು ಬಂದು ಹಲಗೆಯ ಮೇಲೆ ಬೆರಳಾಡಿಸಿದರು. ಗೆರ್ಲಿಂಡೆ ಅಲ್ಲೇ ಹಿಮ ಗೋರುತ್ತಿದ್ದಳು. ಮಾ ಅನ್ನುವವರ ಮನೆ ಯಾವುದು, ಉಸಿರು ಕಟ್ಟುತ್ತಿದೆಯೆಂದು ಫೋನ್ ಮಾಡಿದ್ದಾರೆ ಎಂದು ಕೇಳಿದರು.

"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲ," ಎಂದಳು.

ಅವರು ಪಕ್ಕದ ಕಟ್ಟಡಕ್ಕೆ, ಅಲ್ಲಿಂದ ಎದುರಿನದಕ್ಕೆ ಓಡಿದರು. ಕೆರೆದ ಹೆಸರು ಗೆರ್ಲಿಂಡೆಗೆ ನೆನಪಾಯಿತು. ಹೇಳುವ ಮೊದಲೇ ನೆನಪಾಗಿತ್ತೋ, ಹೇಳಿದ ಮೇಲೆ ನೆನಪಾಯಿತೋ, ಅದೊಂದು ಅವಳಿಗೆ ಕೊನೆಗೂ ಬಗೆಹರಿಯಲಿಲ್ಲ. ಕೂಗಿ ಕರೆಯಬಹುದಿತ್ತು. ಸಲಿಕೆ ಹಿಡಿದುಕೊಂಡು ನಿಂತೇ ಇದ್ದಳು. ಮಧ್ಯಾಹ್ನ ಊಟಕ್ಕೆ ಬಂದ ಲಾಮ್ ಬಾಗಿಲು ತೆರೆದಾಗ ಹೆಂಡತಿ ಫೋನಿನ ಪಕ್ಕ ಬಿದ್ದಿದ್ದಳು. ಹಿಮದಲ್ಲಿ ಮನೆ ಸಿಗಲಿಲ್ಲವಂತೆ ಎಂದು ಎಲ್ಲರೂ ಅಂದರು. ಅವನೂ ನಂಬಿದ.

ಅಲ್ಲಿಂದ ಮುಂದೆ ಹಲಗೆ ಒರೆಸುವಾಗ ಆ ಖಾಲಿ ಜಾಗಕ್ಕೆ ಬಂದರೆ ಗೆರ್ಲಿಂಡೆಯ ಕೈ ನಿಂತುಬಿಡುತ್ತಿತ್ತು. ಐದನೇ ಮಹಡಿಯ ಮೆಟ್ಟಿಲಿನಲ್ಲಿ, ಲಾಮ್ ಅಂಗಡಿಗೆ ಹೋದ ಹೊತ್ತಿನಲ್ಲಿ, ಮುಚ್ಚಿದ ಬಾಗಿಲಾಚೆ ಯಾರೋ ಕಷ್ಟಪಟ್ಟು ಉಸಿರೆಳೆಯುವುದು ಕೇಳಿಸುತ್ತಿತ್ತು. ಬಕೆಟ್ಟಿನ ನೀರು ತಣ್ಣಗಾಗುವವರೆಗೂ ಅಲ್ಲೇ ಕೂತಿರುತ್ತಿದ್ದಳು. ಯಾರಿಗೂ ಹೇಳಲಿಲ್ಲ.

ಹದಿನಾಲ್ಕು ವರ್ಷದ ಮೇಲೆ ಅವಳು ನಿವೃತ್ತಳಾದ ದಿನ ಅಂಗಳದಲ್ಲಿ ಸಾಸೇಜು, ಬಿಯರು ಇಟ್ಟು ಬೀಳ್ಕೊಟ್ಟರು. ಲಾಮ್ ಒಂದು ತೋಳು ತುಂಬ ಹೂ ತಂದಿದ್ದ. ಎದ್ದು ನಿಂತು ತಡವರಿಸುತ್ತಲೇ ಮಾತಾಡಿದ. ಹೊರಗಿನವರ ಕಿಟಕಿಗೆ ಕಲ್ಲು ಬೀಳುತ್ತಿದ್ದ ಕಾಲದಲ್ಲಿ ಇವರು ನಮ್ಮ ಎರಡು ಹೆಸರನ್ನು ಒಂದು ಮಾಡಿ, ನಿಮ್ಮ ಗಂಡ ಹೆಂಡತಿಯರಿಗಿರುವ ಮರ್ಯಾದೆಯನ್ನೇ ನಮಗೂ ಕೊಟ್ಟರು ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಬೈದಿದ್ದರೆ ಗೆರ್ಲಿಂಡೆ ತಡೆದುಕೊಳ್ಳುತ್ತಿದ್ದಳೇನೋ. ನಿಜ ಹೇಳಿದರೆ ಅವನಿಗೆ ಉಳಿದಿದ್ದ ಈ ಒಂದು ಒಳ್ಳೆಯ ನೆನಪೂ ಹೋಗುತ್ತದೆ. ಹೇಳದಿದ್ದರೆ ಆ ಉಸಿರು ತನ್ನನ್ನು ಬಿಡುವುದಿಲ್ಲ.

ಮಾರನೇ ಬೆಳಿಗ್ಗೆ ಐದನೇ ಮಹಡಿ ಹತ್ತಿದಳು. ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದಳು, ಚಾಕು, ಮೇಕೆಯ ನಗೆ, ಆಂಬುಲೆನ್ಸಿನವರಿಗೆ ಇಲ್ಲ ಅಂದದ್ದು.

"ನನ್ನ ಹೆಂಡ್ತಿ ಆವತ್ತೇ ಅಂದಿದ್ಳು, ಫ್ರಾವ್ ಪೋಲ್. ಆಯಮ್ಮನಿಗೆ ನಮ್ಮನ್ನ ಕಂಡ್ರಾಗಲ್ಲ, ಅದಕ್ಕೇ ನನ್ನ ಹೆಸರು ಕಿತ್ತುಹಾಕಿದ್ದಾಳೆ ಅಂತ. ನಾನೇ ಬೈದೆ. ನಿನ್ನ ಮನಸ್ಸೇ ಸರಿಯಿಲ್ಲ ಅಂದೆ. ಹದಿನಾಲ್ಕು ವರ್ಷದಿಂದ ದಿನಾ ಅವಳ ಫೋಟೋ ಮುಂದೆ ನಿಂತು ಅದನ್ನೇ ಹೇಳ್ತಾ ಇದೀನಿ. ಈಗ ಏನಂತ ಹೇಳ್ಲಿ?"

ಅವನು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ.

"ಒಳಗೆ ಬನ್ನಿ. ನೀವೇ ಹೇಳಿ."

ಫೋಟೋದಲ್ಲಿ ಸಣಕಲು ಹೆಂಗಸೊಬ್ಬಳು ನಗದೆ ನೇರವಾಗಿ ನೋಡುತ್ತಿದ್ದಳು. ಲಾಮ್ ಮೂರು ಊದುಬತ್ತಿ ಹಚ್ಚಿ ಗೆರ್ಲಿಂಡೆಯ ಕೈಗೆ ಕೊಟ್ಟ. ಮೊದಲು ಹೆಸರು ಹಿಡಿದು ಕರೆಯಬೇಕು, ಇಲ್ಲದಿದ್ದರೆ ಕರೆದದ್ದು ತನ್ನನ್ನೇ ಎಂದು ಅವಳಿಗೆ ತಿಳಿಯುವುದಿಲ್ಲ ಎಂದ.

"ಮಾ," ಎಂದಳು ಗೆರ್ಲಿಂಡೆ.

ಹಾಗಲ್ಲ, ದನಿ ನಡುವೆ ಮುರಿದು ಮೇಲೇರಬೇಕು ಎಂದು ಲಾಮ್ ತಾನೇ ಒಮ್ಮೆ ಹೇಳಿ ತೋರಿಸಿದ. ಅವಳು ಮತ್ತೆ ಹೇಳಿದಳು. ನಾಲಿಗೆ ಹೊರಳಲಿಲ್ಲ, ದನಿ ಏರಲಿಲ್ಲ. ಊದುಬತ್ತಿಯ ಬೂದಿ ಅವಳ ಬೆರಳಿನ ಮೇಲೆ ಬಿತ್ತು.

"ನೀವು ಹೇಳೋ ಥರ ಹೇಳಿದ್ರೆ ನಮ್ಮಲ್ಲಿ ದೆವ್ವ ಅಂತ ಅರ್ಥ," ಎಂದ ಲಾಮ್. "ಅದು ಅವಳ ಹೆಸರಲ್ಲ. ಇನ್ನೊಂದ್ಸಲ ಹೇಳಿ."