ಕಾಶೆವ್ವನ ಭುಜದ ನೀಲಿ ಪಟ್ಟಿ

ಮೂಡಲಗಿಯಲ್ಲಿ ಕಾಲೇಜು ಓದುತ್ತಿದ್ದಾಗ, ಕಾಶೆವ್ವನ ಖಾನಾವಳಿಯಿಂದ ರೊಟ್ಟಿ ಬಡಿಯುವ ಸಪ್ಪಳ ಬಂತೆಂದರೆ ಹನ್ನೆರಡಾಯಿತೆಂದು ಲೆಕ್ಕ. ಓಣಿಯ ತಿರುವಿನಲ್ಲೇ ಹೊಟ್ಟೆ ಚುರುಗುಟ್ಟುತ್ತಿತ್ತು. ನಾಲ್ಕನೇ ರೊಟ್ಟಿ ಬೇಡವೆಂದರೆ ಆಕೆಗೆ ಸಿಟ್ಟು. ಮನೆಯಲ್ಲಿ ಯಾರಾದರೂ ಬೈದಿದ್ದಾರೇನು ಎಂದು ಕೇಳುತ್ತಲೇ ಬಿಸಿಯದನ್ನು ತಟ್ಟೆಗೆ ಹಾಕಿಬಿಡುವಳು. ಆ ದಿನಗಳು ನನ್ನ ಹೊಟ್ಟೆಯ ಸುತ್ತಳತೆಯಲ್ಲಿ ಇನ್ನೂ ಉಳಿದಿವೆ. ಮನಸ್ಸಿನಲ್ಲೂ ಉಳಿದಿವೆ, ಅದು ಹೊರಗೆ ಕಾಣುವುದಿಲ್ಲ.

ಈಗ ಅದೇ ಊರಿನ ಹೈಸ್ಕೂಲಿನಲ್ಲಿ ನಾನು ಮಾಸ್ತರ. ಹೋದ ವರ್ಷ ಕಾಶೆವ್ವನ ಬಲಭುಜ ಹಿಡಿದುಕೊಂಡಿತು. ಹಿಟ್ಟು ನಾದುವುದಿರಲಿ, ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಗಂಡ ಹೋದ ಮೇಲೆ ಒಬ್ಬಳೇ ನಡೆಸಿಕೊಂಡು ಬಂದ ಖಾನಾವಳಿ ಅದು. ಯಂತ್ರದ ರೊಟ್ಟಿ ತರಿಸಿ ಬಡಿಸೆಂದು ಹೇಳಿದವನೊಂದಿಗೆ ಎಂಟು ದಿನ ಮಾತು ಬಿಟ್ಟಳು. ಹೇಳಿದವನು ನಾನೇ. ಕೈ ಬಾರದಿದ್ದರೆ ಖಾನಾವಳಿಯ ಬಾಗಿಲು ಹಾಕುವುದೆಂದು ಆಕೆ ನಿಶ್ಚಯಿಸಿದ್ದಳು.

ಗೋಕಾಕಿನ ಫಿಜಿಯೋಥೆರಪಿಸ್ಟ್ ಸುಮನ ಅವರು ಎರಡು ತಿಂಗಳು ವ್ಯಾಯಾಮ ಮಾಡಿಸಿದರು. ಕೈ ಮೇಲೇಳತೊಡಗಿತು, ಆದರೆ ಹಿಟ್ಟು ಮುಟ್ಟಲು ಕಾಶೆವ್ವನಿಗೆ ಹೆದರಿಕೆ. ಆಗ ಅವರು ರಬ್ಬರಿನಂತೆ ಹಿಗ್ಗುವ ನೀಲಿ ಪಟ್ಟಿಯೊಂದನ್ನು ಭುಜಕ್ಕೆ ಅಂಟಿಸಿ, ನಾಲ್ಕೈದು ದಿನಕ್ಕೆ ತೆಗೆಯಬೇಕೆಂದು ಹೇಳಿ ಕಳಿಸಿದರು. ಮರುದಿನ ಓಣಿಯಲ್ಲಿ ಮತ್ತೆ ಆ ಸಪ್ಪಳ. ನಿಜ ಹೇಳುತ್ತೇನೆ, ನನಗೆ ಕಣ್ಣು ತುಂಬಿ ಬಂತು.

ಪಟ್ಟಿಯಿಂದಲೇ ಕೈ ಬಂತೆಂದು ನಂಬಿದ ಕಾಶೆವ್ವ ಅದನ್ನು ತೆಗೆಯಲೇ ಇಲ್ಲ. ಅದಕ್ಕೆ ನೀರು ತಾಗದಂತೆ ಸ್ನಾನ ಮಾಡಿದಳು. ಅಂಚು ಎದ್ದಲ್ಲಿ ಔಷಧದಂಗಡಿಯ ಬೇರೆ ಪಟ್ಟಿ ಹಚ್ಚಿದಳು. ಇಪ್ಪತ್ತನೇ ದಿನ ರೊಟ್ಟಿ ಬಡಿಯುತ್ತಿದ್ದಾಗಲೇ ಅದು ಕಳಚಿ ತೋಳಿಗೆ ಜೋತುಬಿತ್ತು. ಕೈಯೂ ಅಲ್ಲೇ ನಿಂತಿತು. ಊಟಕ್ಕೆ ಕೂತವರನ್ನೆಲ್ಲ ಎಬ್ಬಿಸಿ ಕಳಿಸಿ, ಒಲೆ ಆರಿಸಿ, ಇನ್ನು ಮುಗಿಯಿತು ಎಂದು ಗೋಡೆಗೆ ಒರಗಿಬಿಟ್ಟಳು.

ಹೊರಗೆ ಹೋಗದೆ ಉಳಿದವನು ನಾನೊಬ್ಬ. ಸುಮನ ಅವರಿಗೆ ಫೋನು ಹಚ್ಚಿ, ಕಾಶೆವ್ವನಿಗೂ ಕೇಳಲೆಂದು ಸ್ಪೀಕರಿಗೆ ಹಾಕಿ, ನಡೆದದ್ದನ್ನೆಲ್ಲ ಹೇಳಿದೆ. ಪಟ್ಟಿಯ ಹಿಗ್ಗು ಐದಾರು ದಿನಕ್ಕೇ ಹೋಗಿರುತ್ತದೆ, ಹೊಸದಿದ್ದಾಗಲೂ ಅದು ಸ್ನಾಯುವಿಗೆ ಹೇಳಿಕೊಳ್ಳುವಂಥ ಬಲವನ್ನೇನೂ ಕೊಡುವುದಿಲ್ಲ, ನೋವು ಕೊಂಚ ಮರೆಸಿ ಧೈರ್ಯ ತುಂಬಬಹುದು ಅಷ್ಟೇ ಎಂದರು. ಆಮೇಲೆ ಮೆಲ್ಲಗೆ ಕೇಳಿದರು:

"ಅವ್ವಾರ, ಪಟ್ಟಿ ಬಲ ಹೋದ ಮ್ಯಾಲ ಹದಿನೈದ ದಿನ ರೊಟ್ಟಿ ಬಡದದ್ದು ಯಾರ ಕೈರಿ?"

ಕಾಶೆವ್ವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನೋಡಿದಳು. ಗಂಡನನ್ನು ಮಣ್ಣು ಮಾಡಿದ ದಿನವೂ ಅಳದವಳು ಬಿಕ್ಕಿ ಬಿಕ್ಕಿ ಅತ್ತಳು.

"ನನ್ನ ಕೈನ ನಾ ನಂಬಲಿಲ್ಲ ನೋಡೋ ತಮ್ಮಾ" ಎಂದಳು.

ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಒಲೆ ಹೊತ್ತಿಸಿದಳು. ಅರ್ಧ ಊಟದಲ್ಲಿ ಎದ್ದು ಹೋದವರನ್ನೆಲ್ಲ ಹುಡುಕಿ ಕರೆತರಲು ನನ್ನನ್ನೇ ಓಣಿಗೆ ಅಟ್ಟಿದಳು.